ಅರಸಾಳಿನ ಸ್ಟೇಷನ್, ಆಗುಂಬೆಯ ಮನೆ

ನಾವು ನಾಲ್ವರು. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಬ್ಯಾಂಕಿನಲ್ಲಿದ್ದವರು, ಇನ್ನೊಬ್ಬರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವರು. ನಾನು ಅಂಚೆ ಇಲಾಖೆಯವನು. ಎಲ್ಲರೂ ರಿಟೈರ್ ಆಗಿ ಐದಾರು ವರ್ಷವಾಯಿತು. 1986ರಲ್ಲಿ ನಾವು ಒಂದೇ ವಠಾರದಲ್ಲಿದ್ದೆವು. ಟಿವಿ ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ದೂರದರ್ಶನದಲ್ಲಿ ಆರ್.ಕೆ. ನಾರಾಯಣ್ ಕತೆಗಳ ಧಾರಾವಾಹಿ ‘ಮಾಲ್ಗುಡಿ ಡೇಸ್’ ಶುರುವಾದಾಗ ಅವರ ಹಾಲ್‌ನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಿಂದಿ ನಮಗೆ ಅಷ್ಟಕ್ಕಷ್ಟೆ. ಆದರೂ ಕತೆ ಕೈತಪ್ಪಲಿಲ್ಲ. ಆ ಹೆಂಚಿನ ಮನೆ, ಆ ಬೀದಿ, ಆ ಮುಖಗಳು ನಮ್ಮವೇ ಅಲ್ವಾ?

ಆ ಊರು ನೋಡಬೇಕು ಅಂತ ಆಗಿನಿಂದಲೂ ಆಸೆ. ಕಳೆದ ನವೆಂಬರ್‌ನಲ್ಲಿ ಕೂಡಿಬಂತು. ಬ್ಯಾಂಕಿನವರ ಕಾರು, ಅವರದೇ ಡ್ರೈವಿಂಗ್. ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ತಿಪಟೂರಿನ ತೆಂಗಿನ ತೋಟ, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಶಿವಮೊಗ್ಗದಲ್ಲಿ ರಾತ್ರಿ ಉಳಿದೆವು.

ಮಾರನೆಯ ದಿನ ಮೊದಲು ಅರಸಾಳು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ದಾರಿಯಲ್ಲಿ, ಮರಗಳ ನಡುವೆ ಇರುವ ಪುಟ್ಟ ಸ್ಟೇಷನ್. ಇದೇ ಮಾಲ್ಗುಡಿ ಸ್ಟೇಷನ್. ಧಾರಾವಾಹಿ ನಿರ್ದೇಶಿಸಿದ ಶಂಕರ್‌ನಾಗ್ ಇದನ್ನು ಕಟ್ಟಿಸಲಿಲ್ಲ. ಇದ್ದ ಸ್ಟೇಷನ್ನನ್ನೇ ಕತೆಯೊಳಗೆ ಕರೆದುಕೊಂಡರು.

ಆಗ ಇಲ್ಲಿ ಮೀಟರ್ ಗೇಜ್ ಹಳಿ. ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರ. ಈಗಿನದು ಬ್ರಾಡ್ ಗೇಜ್, ಐದೂವರೆ ಅಡಿ. ಹಳಿ ಬದಲಾದ ಮೇಲೆ ಹಳೆಯ ಕಟ್ಟಡಕ್ಕೆ ಕೆಲಸ ಉಳಿಯಲಿಲ್ಲ. ಪಾಳು ಬಿದ್ದಿತ್ತು. ಅದನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಆ ಕೆಲಸ ನೋಡಿಕೊಂಡವರು ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. ಮೂವತ್ತು ವರ್ಷ ದಾಟಿದ ಮೇಲೆ ಅದೇ ಜಾಗಕ್ಕೆ ಮತ್ತೆ ಕೈ ಹಚ್ಚುವುದು ಅಂದರೆ ಸುಮ್ನೆ ಮಾತಲ್ಲ.

ಒಳಗೆ ಚಿತ್ರೀಕರಣದ ಫೋಟೊಗಳಿವೆ. ನಾನು, ಮೇಷ್ಟ್ರು ಅವುಗಳ ಮುಂದೆ ನಿಂತುಬಿಟ್ಟೆವು. ಕತೆಯ ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ಎಲ್. ವೈದ್ಯನಾಥನ್ ಅವರ ಆ ರಾಗ ತಾನಾಗಿಯೇ ಬಾಯಿಗೆ ಬಂತು.

ಆದರೆ ನಮ್ಮ ಸ್ಟೇಷನ್ ಮಾಸ್ಟರ್ ಒಳಗೆ ಬರಲೇ ಇಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ಕಟ್ಟಡವನ್ನೇ ನೋಡುತ್ತಿದ್ದರು. ಅವರು ಕೆಲಸಕ್ಕೆ ಸೇರಿದ್ದು ಇಂಥದ್ದೇ ಒಂದು ಮೀಟರ್ ಗೇಜ್ ಸ್ಟೇಷನ್‌ನಲ್ಲಿ. ನಾವು ಹೋಗಿ ಪಕ್ಕದಲ್ಲಿ ನಿಂತಾಗ ಆಗಿನ ಟೋಕನ್ ಕತೆ ಹೇಳಿದರು. ಇರುವುದು ಒಂದೇ ಹಳಿ. ಮುಂದಿನ ಸ್ಟೇಷನ್‌ನವರು ಒಪ್ಪಿದರೆ ಮಾತ್ರ ಯಂತ್ರದಿಂದ ಒಂದು ಟೋಕನ್ ಹೊರಗೆ ಬರುತ್ತದೆ. ಅದು ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಒಂದು ಹೊರಗಿದ್ದರೆ ಇನ್ನೊಂದು ಬರುವುದಿಲ್ಲ. ಹಾಗಾಗಿ ಎರಡು ಗಾಡಿ ಎದುರುಬದುರಾಗುವ ಭಯವಿಲ್ಲ. ಗಾಡಿ ನಿಲ್ಲದೆ ಹೋಗುವುದಾದರೆ ಟೋಕನ್ನನ್ನು ದೊಡ್ಡ ಬಳೆಯಂಥ ಹಿಡಿಕೆಗೆ ಸಿಕ್ಕಿಸಿ ಎತ್ತಿ ಹಿಡಿಯಬೇಕು. ಓಡುವ ಎಂಜಿನ್‌ನಿಂದ ತೋಳು ಚಾಚಿ ಅದನ್ನು ಸೆಳೆದುಕೊಳ್ಳುತ್ತಾರೆ.

ಹೇಳುತ್ತಾ ಹೇಳುತ್ತಾ ಅವರ ಬಲಗೈ ಮೇಲೆ ಹೋಯಿತು. ಹಾಗೇ ನಿಂತರು.

“ನಾನು ಕೆಲಸ ಮಾಡಿದ ಸ್ಟೇಷನ್ ಒಂದೂ ಈಗ ಹಾಗಿಲ್ಲ ಕಣ್ರಯ್ಯ. ಕೆಡವಿಬಿಟ್ಟರು. ಇದೊಂದು ಉಳಿದಿದೆ ನೋಡಿ,” ಅಂದರು.

ಕತೆಗೆ ಬಳಸಿಕೊಂಡದ್ದರಿಂದ ನಿಜವಾದ ಒಂದು ಸ್ಟೇಷನ್ ಉಳಿಯಿತು. ನನಗೆ ಈ ಪ್ರವಾಸದಲ್ಲಿ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಇದೇ.

ಅಲ್ಲೇ ಹಳೆಯ ರೈಲು ಬೋಗಿಯಲ್ಲಿರುವ ಅಂಗಡಿಯಲ್ಲಿ ಟೀ ಕುಡಿದು ರಿಪ್ಪನ್‌ಪೇಟೆ, ಹುಂಚ, ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೊರಟೆವು. ತೀರ್ಥಹಳ್ಳಿಯಲ್ಲಿ ಊಟ. ಆಗುಂಬೆ ಮುಟ್ಟಿದಾಗ ಮೂರೂವರೆ.

ಕತೆಯಲ್ಲಿ ಊರು ಬಿಟ್ಟು ಹೋಗುವ ಗೆಳೆಯ ರಾಜಂನನ್ನು ಬೀಳ್ಕೊಡಲು ಸ್ವಾಮಿ ಸ್ಟೇಷನ್‌ಗೆ ಬರುತ್ತಾನೆ. ಕೈಯಲ್ಲಿ ಅವನಿಗಾಗಿ ಒಂದು ಪುಸ್ತಕ. ಮನೆಯಿಂದ ಸ್ಟೇಷನ್ ಇಲ್ಲೇ ಪಕ್ಕದಲ್ಲಿದೆ ಅಂತ ನಾವು ಅಂದುಕೊಂಡಿದ್ದೆವು. ಆದರೆ ಆಗುಂಬೆಗೆ ರೈಲೇ ಇಲ್ಲ! ಎರಡು ದೂರದ ಊರುಗಳನ್ನು ಸೇರಿಸಿ ಹೊಲಿದದ್ದು ನಮಗೆ ಎಲ್ಲೂ ಕಾಣಲಿಲ್ಲ. ಆಗ ಶಂಕರ್‌ನಾಗ್‌ಗೆ ಮೂವತ್ತೊಂದು ವರ್ಷ. ನಮಗಿಂತ ಮೂರ್ನಾಲ್ಕು ವರ್ಷ ದೊಡ್ಡವರು ಅಷ್ಟೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಹೋಗಿಬಿಟ್ಟರು. ಇದ್ದಿದ್ದರೆ ಈಗ ಎಪ್ಪತ್ತು ದಾಟಿರುತ್ತಿತ್ತು. ಕಾರಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಿರಲಿಲ್ಲ.

ಸ್ವಾಮಿಯ ಮನೆ ಅಂತ ನಾವು ಟಿವಿಯಲ್ಲಿ ನೋಡಿದ್ದು ಆಗುಂಬೆಯ ದೊಡ್ಡಮನೆ. ನೂರು ವರ್ಷ ದಾಟಿದ ಮನೆ. ಮರದ ಕಂಬ, ನಡುವೆ ಅಂಗಳ, ಇಳಿಜಾರು ಹೆಂಚು. ಇಲ್ಲಿನ ಮಳೆಗೆ ಬೇರೆ ಥರ ಕಟ್ಟಿದರೆ ನಡೆಯುವುದೂ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೀರಿ ಸುರಿಯುವ ಊರಿದು. ಮನೆಯವರು ಬಿಸಿ ಕಷಾಯ ಕೊಟ್ಟರು. ಮೇಷ್ಟ್ರು ಲೋಟ ಹಿಡಿದುಕೊಂಡು ಕಂಬಕ್ಕೆ ಒರಗಿ ಕುಳಿತರು. “ನಮ್ಮ ಹಾಲ್‌ನಲ್ಲಿ ಕೂತು ಈ ಕಂಬವನ್ನೇ ನೋಡ್ತಿದ್ವಿ,” ಅಂದರು.

ಸಂಜೆ ಸೂರ್ಯಾಸ್ತ ನೋಡುವ ಜಾಗಕ್ಕೆ ಹೋದೆವು. ಮೋಡ ಮುಸುಕಿತ್ತು, ಏನೂ ಕಾಣಲಿಲ್ಲ.

ಬೆಳಗ್ಗೆ ವಾಪಸ್ ಹೊರಟಾಗ ಬ್ಯಾಂಕಿನವರು ತೀರ್ಥಹಳ್ಳಿಯಿಂದ ನೇರ ಶಿವಮೊಗ್ಗಕ್ಕೆ ಹೋಗೋಣ ಅಂದರು. ಸ್ಟೇಷನ್ ಮಾಸ್ಟರ್ ಒಪ್ಪಲಿಲ್ಲ. ಅರಸಾಳಿಗೆ ರೈಲು ಬರುವ ಹೊತ್ತನ್ನು ಅವರು ಹಿಂದಿನ ದಿನವೇ ಕೇಳಿಟ್ಟುಕೊಂಡಿದ್ದರು. ಬ್ಯಾಂಕಿನವರು ಏನೂ ಹೇಳದೆ ಕಾರನ್ನು ರಿಪ್ಪನ್‌ಪೇಟೆ ದಾರಿಗೆ ತಿರುಗಿಸಿದರು.