ಐಪಿ ಹಾಕೋಕೆ ಅಂತ ವಕೀಲರ ಹತ್ರ ಹೋದಾಗ

ಬಳ್ಳಾರಿಲಿ ಜೀನ್ಸ್ ಹೊಲಿಯೋ ಯೂನಿಟ್ ಇಟ್ಕೊಂಡೋರಿಗೆ ಸಾಲ ಹೊಸದೇನಲ್ಲ, ಬಟ್ಟೆ ಉದ್ರಿ, ಜಿಪ್ಪು ಬಟನ್ನು ಉದ್ರಿ, ಮಾಲು ತಗೊಂಡೋರೂ ತಿಂಗಳುಗಟ್ಲೆ ಬಿಟ್ಟೇ ದುಡ್ಡು ಕೊಡೋದು. ನಮ್ಮ ಭಾವಂಗೆ ಹೊರಗಿನ ಒಂದು ದೊಡ್ಡ ಪಾರ್ಟಿ ಕೈ ಎತ್ತಿಬಿಡ್ತು, ಆಮೇಲೆ ಕ್ರೆಡಿಟ್ ಕಾರ್ಡು, ಪರ್ಸನಲ್ ಲೋನು, ಕೊನೆಗೆ ಮೀಟರ್ ಬಡ್ಡಿ. ಐಪಿ ಹಾಕಿ, ಅಂದ್ರೆ ಸಾಲ ತೀರಿಸಕ್ಕಾಗಲ್ಲ ಅಂತ ಕೋರ್ಟಿಗೆ ದಿವಾಳಿ ಅರ್ಜಿ ಕೊಟ್ಟು, ಕೈ ತೊಳ್ಕೊಂಬಿಡ್ತೀನಿ ಅಂತ ಹಟ ಹಿಡಿದ್ರು. ಅಕ್ಕ ನೀನೂ ಬಾರೋ ಅಂದ್ಲು ಅಂತ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹೋದೆ.

ಅಕ್ಕ ನೋಟ್‌ಬುಕ್ಕಲ್ಲಿ ಪ್ರಶ್ನೆ ಬರ್ಕೊಂಡು ಬಂದಿದ್ಲು. ಜೈಲಿಗೆ ಹಾಕ್ತಾರಾ, ತಾಳಿ ತಗೊಳ್ತಾರಾ, ಪೇಪರಲ್ಲಿ ಹೆಸರು ಬರುತ್ತಾ. ವಕೀಲರು ವಯಸ್ಸಾದೋರು, ಅವಸರ ಇಲ್ಲ. 2016ರ ದಿವಾಳಿ ಕಾನೂನು ಅಂತ ಟಿವಿಲಿ ಕೇಳಿರ್ತೀರಿ, ಅದರಲ್ಲಿ ವ್ಯಕ್ತಿಗಳ ಭಾಗ ಜಾರಿಗೆ ಬಂದಿರೋದು ಕಂಪನಿ ಸಾಲಕ್ಕೆ ಜಾಮೀನು ನಿಂತೋರಿಗೆ ಮಾತ್ರ, ನಿಮಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆನೇ ಅಂದ್ರು. ಬ್ರಿಟಿಷರ ಕಾಲದ್ದು. 500 ರೂಪಾಯಿ ಸಾಲ ಇದ್ರೂ ಅರ್ಜಿ ಹಾಕಬಹುದಂತೆ, ಆ ಮೊತ್ತ ಇವತ್ತಿಗೂ ಹಂಗೇ ಇದೆ!

ತಾಳಿ ಮುಟ್ಟಂಗಿಲ್ಲ, ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಯಾವುದನ್ನೂ ಜಪ್ತಿ ಮಾಡಂಗಿಲ್ಲ, ಕಸುಬಿನ ಸಾಮಾನೂ ಬಿಡ್ತಾರೆ. "ಹಂಗಾದ್ರೆ ಮಿಷಿನ್ನು?" ಅಂದ್ರು ಭಾವ. "ನೀವೇ ಕೂತು ಹೊಲಿಯೋ ಒಂದು ಮಿಷಿನ್ನಿಗೆ ವಾದ ಮಾಡ್ತೀನ್ರಿ, ಇಡೀ ಯೂನಿಟ್ಟಿಗೆ ಹೆಂಗ್ರೀ ಮಾಡ್ಲಿ?" ಜೈಲಿನ ವಿಷಯಕ್ಕೆ, ಇಲ್ಲದೋನನ್ನ ಬರೀ ಕೊಡಕ್ಕಾಗ್ಲಿಲ್ಲ ಅಂತ ಒಳಗೆ ಹಾಕಲ್ಲ ಅಂದ್ರು. ಆದ್ರೆ ಮೀಟರ್ ಬಡ್ಡಿಯವನಿಗೆ ಸಹಿ ಮಾಡಿ ಕೊಟ್ಟಿರೋ ಚೆಕ್ಕು ಬೌನ್ಸ್ ಆದ್ರೆ ಅದು ಕ್ರಿಮಿನಲ್ ಕೇಸು, ಐಪಿ ಹಾಕಿದ ಮಾತ್ರಕ್ಕೆ ನಿಲ್ಲಲ್ಲ. ಅವನು ಮನೆ ಮುಂದೆ ಬಂದು ಕೂಗಾಡ್ತಾನೆ ಅಂದಾಗ, 2025ರಲ್ಲಿ ಕಿರುಸಾಲ ಕಿರುಕುಳದ ವಿರುದ್ಧ ನಮ್ಮ ಸರ್ಕಾರ ಕಾನೂನು ತಂದಿದೆ, 10 ವರ್ಷದ ತನಕ ಶಿಕ್ಷೆ, ಮೊದಲು ಸ್ಟೇಷನ್ನಿಗೆ ಹೋಗಿ ಬರ್ದು ಕೊಡ್ರಿ ಅಂದ್ರು. ಬ್ಯಾಂಕಿನ ರಿಕವರಿಯವರೂ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ, ಅದು ಆರ್‌ಬಿಐ ರೂಲು.

ಆಮೇಲೆ ಭಾವ ಕುರ್ಚಿ ಮುಂದೆ ಎಳ್ಕೊಂಡು ಮೆಲ್ಲಗೆ, "ಸರ್, ಮನೆ ಇವಳ ಹೆಸರಿಗೆ ದಾನಪತ್ರ ಮಾಡಿಸಿ ಆಮೇಲೆ ಹಾಕಿದ್ರೆ?" ಅಂದ್ರು. ಪ್ರಶ್ನೆ ಪಟ್ಟೀಲಿ ಇದು ಇರಲಿಲ್ಲ, ಅಕ್ಕ ನನ್ನ ಮುಖ ನೋಡಿದ್ಲು. ವಕೀಲರಿಗೆ ಇದು ದಿನಾ ಕೇಳೋ ಮಾತು ಅಂತ ಕಾಣುತ್ತೆ. ದಾನ ಕೊಟ್ಟ 2 ವರ್ಷದೊಳಗೆ ಅರ್ಜಿ ಬಂದು ದಿವಾಳಿ ಅಂತ ಆರ್ಡರ್ ಆದ್ರೆ ಆ ದಾನ ನಿಲ್ಲಲ್ಲ, ಕೋರ್ಟು ನೇಮಿಸಿದ ರಿಸೀವರ್ ಮನೆ ವಾಪಸ್ ತಗೊಳ್ತಾನೆ, ಆಸ್ತಿ ಮುಚ್ಚಿಟ್ಟಿದ್ದು ಗೊತ್ತಾದ್ರೆ ಒಂದು ವರ್ಷದ ತನಕ ಜೈಲೂ ಆಗಬಹುದು. ಇಷ್ಟು ಹೇಳಿ ಅವರೇ ಕೇಳಿದ್ರು, "ಜಾಮೀನು ಯಾರು ಹಾಕ್ಯಾರ?"

ಮಿಷಿನ್ ಲೋನಿಗೆ ಭಾವನ ಅಣ್ಣನ ಮಗ. ಸರ್ಕಾರಿ ಶಾಲೆ ಮೇಷ್ಟ್ರು, ಹೋದ ವರ್ಷ ಮದುವೆ ಆಗಿದೆ. ಅಕ್ಕಂಗೆ ಈ ವಿಷಯನೇ ಗೊತ್ತಿರಲಿಲ್ಲ.

ಕೋರ್ಟು ಕೊನೆಗೆ ಸಾಲದಿಂದ ಬಿಡುಗಡೆ ಆರ್ಡರ್ ಕೊಟ್ರೆ ಬಿಡುಗಡೆ ಆಗೋದು ಭಾವಂಗೆ, ಜಾಮೀನುದಾರನಿಗಲ್ಲ. ಬ್ಯಾಂಕು ಆ ಹುಡುಗನ ಮೇಲೆ ಡಿಕ್ರಿ ತಗೊಂಡ್ರೆ ಸಂಬಳದ ಮೊದಲ 1000 ರೂಪಾಯಿ ಬಿಟ್ಟು ಉಳಿದಿದ್ದರಲ್ಲಿ ಮೂರನೇ ಒಂದು ಭಾಗದ ತನಕ ಹಿಡಿಸಬಹುದು. ಅಕ್ಕ ನೋಟ್‌ಬುಕ್ ಮುಚ್ಚಿ, "ಅವನ ಹೆಂಡ್ತಿ ಮುಖ ಹೆಂಗೆ ನೋಡ್ಲಿ?" ಅಂತ ಒಂದೇ ಮಾತು ಕೇಳಿದ್ಲು. ಜೈಲು ತಾಳಿ ಪೇಪರು ಅಂತ ಬೆಳಗಿಂದ ಹೆದರ್ಕೊಂಡಿದ್ದು ಒಂದು ಕಡೆ ಆಯ್ತು, ಕುತ್ತಿಗೆಗೆ ಬಂದಿರೋದು ಇನ್ಯಾರಿಗೋ. ನಂಗೆ ಭಾವನ ಮೇಲೆ ಸಿಟ್ಟು ಬಂತು, ಆದ್ರೆ ಅವರ ಮುಖ ನೋಡಿ ಏನೂ ಅನ್ನಕ್ಕಾಗ್ಲಿಲ್ಲ.

ಯೂನಿಟ್ಟಿನ ಮಿಷಿನ್ನು ಆ ಲೋನಿಗೇ ಅಡ ಇರೋದ್ರಿಂದ, ಬ್ಯಾಂಕಿಗೆ ಬರ್ದು ಕೊಟ್ಟು ಅವರ ಒಪ್ಪಿಗೆ ಮೇಲೆ ಮಾರಿ ಆ ಸಾಲಕ್ಕೆ ಜಮಾ ಮಾಡಿಸ್ರಿ, ಹುಡುಗನ ಭಾರ ಅಷ್ಟಾದ್ರೂ ಇಳೀತದ ಅಂದ್ರು ವಕೀಲರು. ಸಾಲ ಕೊಟ್ಟ ಬೇರೆಯವರಲ್ಲಿ ಬೇಕಾದ ಒಬ್ಬರಿಗೆ ಮಾತ್ರ ಗುಟ್ಟಾಗಿ ಕೊಟ್ಟು 3 ತಿಂಗಳೊಳಗೆ ಅರ್ಜಿ ಹಾಕಿದ್ರೆ ಅದೂ ರದ್ದಾಗುತ್ತಂತೆ, ಅದಕ್ಕೆ ಯಾರ್ಯಾರಿಗೆ ಎಷ್ಟೆಷ್ಟು ಅಂತ ಹೆಸರು ವಿಳಾಸ ಸಮೇತ ಪಟ್ಟಿ ಮಾಡ್ಕೊಂಡು ಬನ್ನಿ, ಲೆಕ್ಕದ ಪುಸ್ತಕನೂ ತನ್ನಿ ಅಂದ್ರು. ಇನ್ನೊಂದು, ದಿವಾಳಿ ಅಂತ ಆದ್ಮೇಲೆ ಬಿಡುಗಡೆ ಸಿಗೋ ತನಕ 50 ರೂಪಾಯಿ ಸಾಲ ತಗೊಂಡ್ರೂ ನಾನು ದಿವಾಳಿ ಅಂತ ಮೊದಲೇ ಹೇಳ್ಬೇಕು, ಹೇಳದಿದ್ರೆ ಅಪರಾಧ. ಐವತ್ತಕ್ಕೆ ಈಗ ಒಗ್ಗರಣೆ ಮಿರ್ಚಿ ಬಂದ್ರೆ ಹೆಚ್ಚು.

ಹೊರಗೆ ಬಂದು ಭಾವ ಅಲ್ಲೇ ನಿಂತು ಅಣ್ಣನ ಮಗಂಗೆ ಫೋನ್ ಮಾಡಿದ್ರು. ಅವನು ಕ್ಲಾಸಲ್ಲಿದ್ದ, ಸಂಜೆ ಮನೆಗೇ ಬರ್ತೀನಿ ಕಾಕಾ ಅಂದ. ಅರ್ಜಿ ಇನ್ನೂ ಹಾಕಿಲ್ಲ, ಅಕ್ಕ ಪಟ್ಟಿ ಮಾಡ್ತಾ ಇದಾಳೆ, ದಾನಪತ್ರದ ಮಾತು ಮತ್ತೆ ಎದ್ದಿಲ್ಲ.