ಹೊಸ ತೆನೆಯೂ ಬಾವಿಯ ಬೀಗವೂ

ಆಗಸ್ಟ್ 30 ಬಂತೆಂದರೆ ನಮ್ಮ ಕಡೆಯ ಮಕ್ಕಳು ಯಾರೂ ಎಬ್ಬಿಸದೆ ಏಳುತ್ತಾರೆ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಒದ್ದೆ ಅಂಗಳದಲ್ಲಿ, ಗುಡ್ಡೆಯ ಬದಿಯಲ್ಲಿ, ನೆರೆಯವರ ಹಿತ್ತಲಲ್ಲಿ ದಾಸವಾಳ, ಕೇಪುಳ, ನಂದಿಬಟ್ಟಲು, ಹೆಸರು ಗೊತ್ತಿಲ್ಲದ ಕಾಡುಹೂವು ಎಲ್ಲ ಕೊಯ್ದು ಬುಟ್ಟಿ ತುಂಬಿಸಿಕೊಂಡು ಇಗರ್ಜಿಗೆ ಓಡುತ್ತಾರೆ. ಒಂಬತ್ತು ದಿನದ ನೊವೆನಾ. ಯೇಸುವಿನ ತಾಯಿ ಮರಿಯಮ್ಮನ ಬಾಲರೂಪದ ಮೂರ್ತಿಯ ಮುಂದೆ ಸಾಲಾಗಿ ಬಂದು ಹಾಡುತ್ತಾ ಹೂ ಎರಚುತ್ತಾರೆ. ನಾನೂ ಹಾಗೆ ಎರಚಿದವನೇ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್. ಅದು ಮರಿಯಮ್ಮನ ಹುಟ್ಟುಹಬ್ಬ, ಮಂಗಳೂರು ಉಡುಪಿಯ ಕೊಂಕಣಿ ಕ್ರೈಸ್ತರಾದ ನಮಗೆ ಹೊಸ ಬೆಳೆಯ ಹಬ್ಬವೂ ಹೌದು.

ಆ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ಇಗರ್ಜಿಯ ಒಳಗೆ ತರುತ್ತಾರೆ. ಬಲಿಪೂಜೆ ಮುಗಿದ ಮೇಲೆ ಮನೆಮನೆಗೆ ತೆನೆ, ಮಕ್ಕಳ ಕೈಗೆ ಕಬ್ಬು. ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದಿಟ್ಟು ಪ್ರಾರ್ಥಿಸಿ, ಭತ್ತ ಸುಲಿದು, ಅಕ್ಕಿ ಪುಡಿಮಾಡಿ ಹಾಲಿಗೆ ಸೇರಿಸುತ್ತೇವೆ. ಮನೆಯ ಹಿರಿಯರು ಅದನ್ನು ಒಬ್ಬೊಬ್ಬರಿಗೂ ಕೊಟ್ಟ ಮೇಲೆಯೇ ಬಾಳೆಲೆ ಊಟ. ಮೀನಿಲ್ಲ, ಮಾಂಸವಿಲ್ಲ. ಕೆಸುವಿನ ದಂಟಿಗೆ ಅಮಟೆಕಾಯಿ ಹಾಕಿದ ತೇರೆಂ, ಬೆಂಡೆ, ಹೀರೆ, ಅಲಸಂಡೆ ಎಂದು ಪಲ್ಯಗಳ ಲೆಕ್ಕ ಬೆಸಸಂಖ್ಯೆಯಲ್ಲೇ ಇರಬೇಕು. ದೂರದಲ್ಲಿರುವವರಿಗೂ ಪಾಲುಂಟು. ನಾಲ್ಕು ಕಾಳು ಭತ್ತವನ್ನು ಲಕೋಟೆಯಲ್ಲಿಟ್ಟು ಮುಂಬಯಿಗೆ, ಕೊಲ್ಲಿ ದೇಶಕ್ಕೆ ಅಂಚೆಯಲ್ಲಿ ಕಳಿಸುತ್ತೇವೆ. ಅವರು ಅಲ್ಲಿ ಅದನ್ನು ಪುಡಿಮಾಡಿ ತಮ್ಮ ಹಾಲಿಗೆ ಬೆರೆಸಿದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತ ಹಾಗೆ.

ಕೆಲವು ವರ್ಷದ ಹಿಂದೆ ಆ ಲಕೋಟೆಗಳನ್ನು ಅಂಟಿಸುತ್ತಾ ಕುಳಿತಿದ್ದಾಗ ನನ್ನ ಕೈ ನಿಂತುಹೋಯಿತು. ಮುಂಬಯಿಯ ತಂಗಿಗೆ ಒಂದು, ದುಬೈಯಲ್ಲಿರುವ ಅವಳ ಮಗನಿಗೆ ಒಂದು. ನಮ್ಮ ಅಂಗಳದಿಂದ ಎಪ್ಪತ್ತು ಹೆಜ್ಜೆ ದೂರದ ಅಣ್ಣನ ಮನೆಗೆ ಒಂದು ಕಾಳೂ ಇರಲಿಲ್ಲ.

ಪಾಲಾದಾಗ ಹಳೆಯ ಮನೆ ನನಗೆ ಬಂತು, ಅಣ್ಣ ಪಕ್ಕದಲ್ಲೇ ಮನೆ ಕಟ್ಟಿಕೊಂಡ. ಬಾವಿ ನನ್ನ ಭಾಗದಲ್ಲಿತ್ತು. “ನೀರು ಇಬ್ಬರಿಗೂ” ಎಂದು ಅಪ್ಪ ಬಾಯಿಮಾತಿನಲ್ಲಿ ಹೇಳಿದ್ದರು, ಬರೆದಿಟ್ಟಿರಲಿಲ್ಲ. ಮುಂದೆ ಕೆಂಪುಕಲ್ಲಿನ ಕಂಪೌಂಡ್ ಕಟ್ಟುವಾಗ ಎರಡು ಅಡಿ ಅಗಲದ ಜಾಗಕ್ಕೆ ಮಾತು ಬೆಳೆಯಿತು. ಬೆಳೆದದ್ದು ಅಮ್ಮನ ವರ್ಷದ ಪೂಜೆಯ ದಿನವೇ. ಅಂದು ಸಂಜೆ ಬಾವಿಯ ಕಡೆಗಿನ ಗೇಟಿಗೆ ನಾನು ಬೀಗ ಹಾಕಿದೆ. ಮೂರು ವರ್ಷ ಅದು ಹಾಗೆಯೇ ನೇತಾಡಿತು. ಎಪ್ರಿಲ್, ಮೇ ತಿಂಗಳಲ್ಲಿ ನಲ್ಲಿಯಲ್ಲಿ ನೀರು ಬಾರದ ದಿನ ಅತ್ತಿಗೆ ಕೊಡಪಾನ ಹಿಡಿದು ರಸ್ತೆಯಾಚೆಯ ಮನೆಗೆ ಹೋಗುವುದು ನಮ್ಮ ಅಡಿಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಆ ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಸಂಜೆಯ ತೇರ್ಸ್, ಎಂದರೆ ಜಪಮಾಲೆಯ ಪ್ರಾರ್ಥನೆ, ಒಂದು ದಿನವೂ ತಪ್ಪಿರಲಿಲ್ಲ. ಜಪಮಾಲೆ ಎಣಿಸುವಾಗ ನನ್ನ ಕಣ್ಣು ಒದ್ದೆಯಾಗುತ್ತಿದ್ದದ್ದೂ ನಿಜ. ದೇವರ ಮೇಲೆ ನನಗೆ ಪ್ರೀತಿ ಉಂಟು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಆ ಸಲದ ನೊವೆನಾದಲ್ಲಿ ಒಂದು ದಿನ ಪಾದ್ರಿಯವರು ಕಾನಾ ಊರಿನ ಮದುವೆಯ ಪ್ರಸಂಗ ತೆಗೆದರು. ದ್ರಾಕ್ಷಾರಸ ಮುಗಿದಿದೆ, ಮರಿಯಮ್ಮ ಸೇವಕರನ್ನು ಕರೆದು ಮಗ ಯೇಸುವಿನ ಬಗ್ಗೆ, “ಆತ ಹೇಳಿದ್ದನ್ನು ಮಾಡಿ” ಎನ್ನುತ್ತಾಳೆ. ಶುಭಸಂದೇಶಗಳಲ್ಲಿ ದಾಖಲಾದ ಅವಳ ಮಾತುಗಳಲ್ಲಿ ಇದೇ ಕೊನೆಯದು. ಇದಾದ ಮೇಲೆ ಶಿಲುಬೆಯ ಬಳಿಯಲ್ಲೂ ಅವಳು ನಿಂತಿರುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ದೇವದೂತನಿಗೆ “ನಿನ್ನ ಮಾತಿನಂತೆ ನನಗಾಗಲಿ” ಎಂದವಳು ನಮಗೆ ಬಿಟ್ಟುಹೋದ ಬುದ್ಧಿಮಾತು ಇದೊಂದೇ. ಒಂಬತ್ತು ದಿನ ಅವಳ ಪಾದಕ್ಕೆ ಹೂ ಸುರಿಯುವ ನಾವು ಅವಳ ಈ ಒಂದು ಮಾತನ್ನು ಎಲ್ಲಿಟ್ಟಿದ್ದೇವೆ ಎಂದು ಕೇಳಿ ಪಾದ್ರಿಯವರು ಪ್ರಸಂಗ ಮುಗಿಸಿದರು.

ಆ ಸೇವಕರ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿದವನಲ್ಲ. ಆರು ಕಲ್ಲಿನ ಬಾನಿಗಳು. ಇಂದಿನ ಲೆಕ್ಕದಲ್ಲಿ ಒಂದೊಂದಕ್ಕೆ 80ರಿಂದ 120 ಲೀಟರ್. ಬಾವಿಯಿಂದ ಸೇದಿ ಹೊತ್ತು ಅಭ್ಯಾಸವಿದ್ದವರಿಗೆ ಗೊತ್ತು, ಅಷ್ಟು ನೀರು ತುಂಬಿಸಲು ಎಷ್ಟು ಸಲ ಹೋಗಿಬರಬೇಕು, ಭುಜ ಹೇಗೆ ಉರಿಯುತ್ತದೆ ಎಂದು. ಬೇಕಾಗಿದ್ದದ್ದು ದ್ರಾಕ್ಷಾರಸ, ಯೇಸು ಹೇಳಿದ್ದು ನೀರು ತುಂಬಿಸಲು. ಏಕೆಂದು ಅವರು ಕೇಳಲಿಲ್ಲ. ಕಂಠದವರೆಗೂ ತುಂಬಿಸಿದರು. ಅರ್ಧ ತುಂಬಿಸಿ ಸಾಕು ಎನ್ನಬಹುದಿತ್ತಲ್ಲ! ಆ ನೀರೇ ದ್ರಾಕ್ಷಾರಸವಾಯಿತು. ಆಮೇಲೆ ಯೊವಾನ್ನ ಬರೆಯುವ ಒಂದು ಸಣ್ಣ ಮಾತು ನನಗೆ ಬಲು ಪ್ರಿಯ. ಆ ರಸ ಎಲ್ಲಿಂದ ಬಂತೆಂದು ಔತಣದ ಮೇಲ್ವಿಚಾರಕನಿಗೆ ತಿಳಿಯಲಿಲ್ಲ, ನೀರು ಸೇದಿದ ಸೇವಕರಿಗೆ ತಿಳಿದಿತ್ತು.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತು ಮೂರು ಕಡೆ ದುಡಿಯುತ್ತದೆ. ಕಿವಿಯಿಂದ ಕೇಳುವುದು, ಬೇಕೆಂದು ಕೇಳುವುದು, ಹಿರಿಯರ ಮಾತು ಕೇಳುವುದು. ತುಳುವಿನ ‘ಕೇಣುನಿ’ಯೂ ಬಹುಮಟ್ಟಿಗೆ ಹಾಗೆಯೇ. “ಮಗ ಹೇಳಿದ ಮಾತು ಕೇಳುವುದಿಲ್ಲ” ಎಂದು ತಾಯಿ ದೂರಿದರೆ ಅವನಿಗೆ ಕಿವಿ ಮಂದವೆಂದು ಯಾರೂ ತಿಳಿಯುವುದಿಲ್ಲ. ನಾನು ದೇವರ ವಾಕ್ಯವನ್ನು ಪ್ರತಿ ಆದಿತ್ಯವಾರ ಕೇಳಿದ್ದೆ. ದೇವರಲ್ಲಿ ಅದು ಇದು ಕೇಳಿದ್ದಕ್ಕೆ ಲೆಕ್ಕವೇ ಇಲ್ಲ. ಮೂರನೆಯ ಕೇಳುವಿಕೆಯ ಜಾಗದಲ್ಲಿ ಒಂದು ಬೀಗ ತೂಗುತ್ತಿತ್ತು.

“ನೀವು ನನ್ನನ್ನು ಪ್ರೀತಿಸುವುದಾದರೆ ನನ್ನ ಆಜ್ಞೆಗಳನ್ನು ಪಾಲಿಸುವಿರಿ” ಎಂದು ಯೇಸು ಹೇಳಿದ್ದು ಸಾಯುವ ಹಿಂದಿನ ರಾತ್ರಿ, ಶಿಷ್ಯರ ಕಾಲು ತೊಳೆದ ಮೇಲೆ. ಯಜಮಾನ ಆಳಿಗೆ ಹೇಳಿದ ಹಾಗೆ ನನಗದು ಕೇಳಿಸುವುದಿಲ್ಲ. ಕೆಲವೇ ಗಂಟೆಗಳಲ್ಲಿ ಗೆತ್ಸೆಮನೆಯ ತೋಟದಲ್ಲಿ “ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ” ಎಂದು ತಂದೆಗೆ ತಲೆಬಾಗಲಿದ್ದವನ ಮಾತು ಅದು. ತಾನು ಮಾಡದ್ದನ್ನು ಅವನು ನಮ್ಮ ಹೆಗಲಿಗೆ ಹಾಕಲಿಲ್ಲ. ಮೊದಲು ಪ್ರೀತಿಸಿದ್ದೂ ಅವನೇ, ಆದ್ದರಿಂದ ನಾವು ಮಾತು ಕೇಳುವುದು ಅವನ ಪ್ರೀತಿಗೆ ಕೊಡುವ ಬೆಲೆಯಲ್ಲ. ಕ್ಷಮಿಸುವ ಮನಸ್ಸು ಬಂದ ಮೇಲೆ ಹೋದರಾಯಿತು, ಮನಸ್ಸಿಲ್ಲದೆ ಹೋದರೆ ನಾಟಕವಾಗುತ್ತದೆ ಎಂದು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು ಎಂದು ಈಗ ನಿಸ್ಸಂಕೋಚವಾಗಿ ಹೇಳುತ್ತೇನೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗಿ ಸಹೋದರನೊಡನೆ ಮೊದಲು ಸಮಾಧಾನ ಮಾಡಿಕೊ ಎಂದು ಬೆಟ್ಟದ ಪ್ರಸಂಗದಲ್ಲಿದೆ. ಮನಸ್ಸು ಹದವಾಗುವವರೆಗೆ ಕಾದಿರು ಎಂದು ಅಲ್ಲಿಲ್ಲ. ತಪ್ಪು ಯಾರದು ಎಂದು ತೀರ್ಮಾನಿಸು ಎಂದೂ ಇಲ್ಲ.

ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವಾದ ಪಾದ್ರಿ ಜೋಕಿಮ್ ಮಿರಾಂದ 1763ರಲ್ಲಿ ಈ ಹಬ್ಬ ಶುರುಮಾಡಿದರೆಂದು ಹಿರಿಯರು ಹೇಳುತ್ತಾರೆ. ಮುಂದೆ 1784ರಲ್ಲಿ ನಮ್ಮ ಜನ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣಕ್ಕೆ ಸೆರೆಹೋದರು. ಬದುಕಿ ಉಳಿದವರು 1799ರ ನಂತರ ಬರಿಗೈಯಲ್ಲಿ ಬಂದು ಮತ್ತೆ ಗದ್ದೆ ಉತ್ತರು, ಮತ್ತೆ ತೆನೆ ತಂದರು. ಅವರ ನಿಷ್ಠೆಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ನನ್ನಿಂದ ದೇವರು ಬಯಸಿದ್ದು ಎಪ್ಪತ್ತು ಹೆಜ್ಜೆ.

ಪಾದ್ರಿಯವರ ಆ ಮಾತು ಕೇಳಿದ ಮರುವರ್ಷದ ಹಬ್ಬದ ತನಕ ನಾನು ತಡಮಾಡಿದೆ. ಅದನ್ನೂ ಒಪ್ಪಿಕೊಳ್ಳಬೇಕು. ಆ ಸೆಪ್ಟೆಂಬರ್ 8ರಂದು ಪೂಜೆ ಮುಗಿಸಿ ತಂದ ತೆನೆಯನ್ನು ದೇವರ ಪೀಠದ ಮುಂದಿಟ್ಟೆ, ಸುಲಿಯಲಿಲ್ಲ. ಹೆಂಡತಿ ಮುಖ ನೋಡಿದಳು, ಏನೂ ಕೇಳಲಿಲ್ಲ. ಕೀಲಿ ಹುಡುಕಿ ಗೇಟಿನ ಬಳಿ ಹೋದರೆ ಬೀಗ ತುಕ್ಕು ಹಿಡಿದು ಕೂತಿತ್ತು. ತೆಂಗಿನೆಣ್ಣೆ ಬಿಟ್ಟು ಕಾದೆ, ತಿರುಗಿಸಿದೆ, ಮತ್ತೆ ಬಿಟ್ಟೆ. ಆಚೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ ನೋಡುತ್ತಿದ್ದರು. ಕೊನೆಗೂ ಅದು ಬಿಟ್ಟುಕೊಂಡಿತು. ಒಳಗೆ ಬಂದು ಅರ್ಧ ತೆನೆ ತೆಗೆದುಕೊಂಡು ನಡೆದೆ.

ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. ನಮ್ಮಲ್ಲಿ ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್, ಎಂದರೆ ಆಶೀರ್ವಾದ, ಬೇಡುವ ಕ್ರಮವುಂಟು. ಅಪ್ಪ ತೀರಿದ ಮೇಲೆ ನಾನು ಅವನ ಮುಂದೆಯೇ ಕೈ ಜೋಡಿಸುತ್ತಿದ್ದೆ. ಅದೇ ಅಭ್ಯಾಸದಲ್ಲಿ “ಬೆಸಾಂವ್ ದೀ” ಎಂದೆ. ಅವನು ತುಂಬಾ ಹೊತ್ತು ತೆನೆಯನ್ನೇ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: “ದೇವ್ ಬರೆಂ ಕರುಂ.” ದೇವರು ಒಳ್ಳೆಯದು ಮಾಡಲಿ.

ಊಟಕ್ಕೆ ಅವನು ಬರಲಿಲ್ಲ. ಪಾಯಸ ಕಳಿಸಿದೆವು. ಪಾತ್ರೆ ಸಂಜೆ ವಾಪಸು ಬಂತು, ತಳದಲ್ಲಿ ಅತ್ತಿಗೆ ಮಾಡಿದ ತೇರೆಂ ಇತ್ತು. ಆ ಎರಡು ಅಡಿ ಜಾಗದ ಮಾತು ಇನ್ನೂ ಬಗೆಹರಿದಿಲ್ಲ, ಸರ್ವೆಯರ್ ಬರಬೇಕಷ್ಟೇ. ಬೆಳಗ್ಗೆ ಐದೂವರೆಗೆ ಬಾವಿಯ ರಾಟೆ ಕಿರುಗುಟ್ಟುವುದು ಕೇಳುತ್ತದೆ. ನಾನು ಎದ್ದು ಶಿಲುಬೆಯ ಗುರುತು ಹಾಕಿಕೊಳ್ಳುವುದು ಈಗ ಆ ಸದ್ದಿಗೆ.