ಚಾಚಾ ಮೌಸ್ ಹಿಡಿದ ಸಂಜೆ

ಭಾನುವಾರ, 16 ನವೆಂಬರ್ 2025
ಬೀದರ್

"ಎಲ್ಲಾರೂ ಸೂಪರ್ ಅಂದಾರ ಅಕ್ಕಾ. ಮತ್ಯಾಕ ನನಗ ಹಿಂಗ ಅನಸ್ಲತ್ತದ?"

ಒಂದು ಕಂಪ್ಯೂಟರ್ ಆಟ ಮಾಡುತ್ತಿರುವ ನಮ್ಮ ಗುಂಪಿನ ಪಾಲಿಟೆಕ್ನಿಕ್ ಹುಡುಗ ಶುಕ್ರವಾರ ರಾತ್ರಿ ಫೋನಿನಲ್ಲಿ ಹೀಗೆ ಕೇಳಿದ. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಕೂತಿದೆ. ನಿನ್ನೆ ಉತ್ತರಪತ್ರಿಕೆ ತಿದ್ದುವಾಗಲೂ ಅದೇ. ಇವತ್ತು ಸಂಜೆ ಆದದ್ದನ್ನು ಬರೆದಿಡದಿದ್ದರೆ ನಿದ್ದೆ ಬರುವುದಿಲ್ಲ.

ಅವನ ಆಟದ ಕಥೆ ಇಷ್ಟು. ಅಜ್ಜ ಅರ್ಧಕ್ಕೆ ಬಿಟ್ಟು ಹೋದ ಬಿದ್ರಿ ಸುರಾಹಿಯನ್ನು, ಅಂದ್ರೆ ಕಪ್ಪು ಲೋಹದ ಮೈಗೆ ಬೆಳ್ಳಿ ಕೂಡಿಸಿ ಮಾಡುವ ಹೂಜಿಯನ್ನು, ಮೊಮ್ಮಗಳು ಮುಗಿಸಬೇಕು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಊರಲ್ಲೆಲ್ಲ ಅದೇ ಮಾತು. ಇವನಿಗೆ ಈ ಕಥೆ ಹೊಳೆದದ್ದು ಆಗಲೇ. ಮೊದಲು ಎಜಿಎಸ್‌ನಲ್ಲಿ, ಅಂದ್ರೆ ಅಡ್ವೆಂಚರ್ ಗೇಮ್ ಸ್ಟುಡಿಯೋ ಅನ್ನುವ ಆಟ ಕಟ್ಟುವ ತಂತ್ರಾಂಶದಲ್ಲಿ, ಶುರು ಮಾಡಿದ. ಕ್ರಿಸ್ ಜೋನ್ಸ್ ಅದನ್ನು ಹೊರಬಿಟ್ಟದ್ದು 1997ರಲ್ಲಿ. ಪುಕ್ಕಟೆ ಸಿಗುತ್ತದೆ. ಕೋಣೆ, ಪಾತ್ರ, ಮಾತು, ಚೀಲ ಎಲ್ಲಕ್ಕೂ ಜಾಗ ಮಾಡಿಟ್ಟಿರುತ್ತದೆ, ಹಾಗಾಗಿ ಒಬ್ಬನೇ ಕೂತು ಅಡ್ವೆಂಚರ್ ಗೇಮ್ (ಕೋಣೆ ಕೋಣೆ ಸುತ್ತಿ ಒಗಟು ಬಿಡಿಸುವ ಕಥೆಯ ಆಟ) ಮಾಡುವವನಿಗೆ ಅಷ್ಟು ಅನುಕೂಲದ್ದು ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಆದರೆ ಅಲ್ಲಿ ಇವನ ಒತ್ತಕ್ಷರಗಳು ಕೂಡಲೇ ಇಲ್ಲ. 'ಬಿದ್ರಿ' ಅನ್ನುವ ಪದವೇ ಒಡೆದು ಬಂತು. ಆಮೇಲೆ ಗೊಡೋ 4 ಅನ್ನುವ ಇನ್ನೊಂದು ತಂತ್ರಾಂಶಕ್ಕೆ ಹೋಗಿ ಎಲ್ಲ ಕೋಣೆಗಳನ್ನೂ ಮತ್ತೆ ಕಟ್ಟಿದ. ಆಡಿ ನೋಡಿ ಅಂತ ಪರಿಚಯದವರಿಗೆಲ್ಲ ಕಳಿಸಿದ. ಇಷ್ಟು ಕಷ್ಟಪಟ್ಟವನಿಗೆ ಹೆಚ್ಚಿನವರಿಂದ ಬಂದದ್ದು ಒಂದು 'ಸೂಪರ್', ಒಂದು ಹೆಬ್ಬೆರಳು.

ಶುಕ್ರವಾರ ನಾನು ಅವನಿಗೆ ಒಂದು ಕೆಲಸ ಹೇಳಿದೆ. "ಅವರೆಲ್ಲರಿಗೂ ಒಂದೇ ಪ್ರಶ್ನೆ ಕೇಳು. ಕೊನೆಗೆ ಸುರಾಹಿ ಯಾರಿಗೆ ಕೊಟ್ಟಿರಿ ಅಂತ."

ಒಬ್ಬ "ಅಲ್ಲಿ ತನಕ ಹೋಗಿಲ್ಲ ಬ್ರೋ" ಅಂದ. ಉಳಿದವರಿಂದ ಉತ್ತರವೇ ಇಲ್ಲ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಹುಡುಗ ಅಂದ್ರೆ ಎಲ್ಲರಿಗೂ ಪ್ರೀತಿ, ಆ ಪ್ರೀತಿಗೆ ಸೂಪರ್ ಅಂದಿದ್ದಾರೆ. ಆದರೆ ಎರಡನೇ ಕೋಣೆಯಲ್ಲಿ ಬೇಸರ ಬಂದು ಮುಚ್ಚಿಟ್ಟೆ ಅಂತ ಒಬ್ಬರಾದರೂ ಹೇಳಿದ್ದರೆ ಅವನು ಆ ಕೋಣೆಯ ಮುಂದೆ ಕೂರುತ್ತಿದ್ದ. ಈಗ ಎಲ್ಲಿ ಕೂರಬೇಕು ಅನ್ನುವುದೇ ಅವನಿಗೆ ಗೊತ್ತಿಲ್ಲ.

ನಿಜವಾಗಿ ಆಡಿದವಳು ನಮ್ಮ ಮೈಸೂರಿನ ಗೆಳತಿ ಒಬ್ಬಳೇ. ಒಂದು ಸಂಜೆ ಪೂರ್ತಿ ಕೂತು ಆಡಿದ್ದಾಳೆ. ಆಟದಲ್ಲಿ ನೌಬಾದಿನ ಸುರಂಗ ಬಾವಿಯಲ್ಲಿ ಮೇಲಿನ ಕಿಂಡಿಯಿಂದ ಬೆಳಕು ಬೀಳುವ ಕೋಣೆ ಬಹಳ ಹಿಡಿಸಿತಂತೆ. ಅದರ ಕೆಳಗೇ ಒಂದು ಸಾಲು: "ಮಣ್ಣಿನ ಪಜಲ್ ತೆಗೆದುಬಿಡು, ಅದು ಯಾರಿಗೂ ಹೊಳೆಯಲ್ಲ."

ಹುಡುಗನ ಮುಖ ಬಿದ್ದುಹೋಯಿತು. ಅವನು ಆಟ ಮಾಡಿದ್ದೇ ಆ ಮಣ್ಣಿಗಾಗಿ. ನಮ್ಮ ಕೋಟೆಯ ಮಣ್ಣಿಲ್ಲದೆ ಬಿದ್ರಿಗೆ ಆ ಕಪ್ಪು ಬರುವುದಿಲ್ಲ ಅಂತ ಇಲ್ಲಿಯ ಮಕ್ಕಳೂ ಹೇಳುತ್ತಾರೆ. ಬಿಸಿಲು ಮಳೆ ತಾಗದ ಹಳೇ ಜಾಗದ ಮಣ್ಣು ತಂದು, ನವಸಾಗರ ಸೇರಿಸಿ ಹಚ್ಚಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅದನ್ನು ತೆಗೆದರೆ ಇದು ಯಾವ ಊರಿನ ಕಥೆಯಾದರೂ ಆಗಬಹುದು.

ನಾನು ಗೆಳತಿಗೆ ಬರೆದೆ. ಏನು ತೆಗೆಯಬೇಕು ಅನ್ನೋದು ಆಮೇಲೆ ನೋಡೋಣ, ಮಣ್ಣಿನ ಹತ್ತಿರ ನೀನು ಏನೇನು ಒತ್ತಿದೆ, ಒತ್ತುವಾಗ ಏನಾಗುತ್ತೆ ಅಂದುಕೊಂಡಿದ್ದೆ, ಅಷ್ಟನ್ನು ಹೇಳು ಅಂದೆ. ಅವಳು ಒಳ್ಳೆಯವಳು, ಒಂಚೂರೂ ಬೇಜಾರು ಮಾಡಿಕೊಳ್ಳದೆ ಅವತ್ತೇ ರಾತ್ರಿ ಉದ್ದಕ್ಕೆ ಬರೆದು ಕಳಿಸಿದಳು. ಕೋಟೆಯಲ್ಲಿ ಮಣ್ಣು ಸಿಕ್ಕಿತು. ಯಾಕೆ ಅಂತ ಗೊತ್ತಾಗಲಿಲ್ಲ. ಗಿಡ ನೆಡೋಕೆ ಇರಬೇಕು ಅಂತ ಕುಂಡ ಹುಡುಕಿದೆ. ಎಲ್ಲ ಕೋಣೆ ಸುತ್ತಿದೆ. ಸುರಾಹಿ ಸಿಕ್ಕಿದ್ದು ಎಷ್ಟೋ ಹೊತ್ತಿನ ಮೇಲೆ, ಅಷ್ಟರಲ್ಲಿ ಚೀಲದಲ್ಲಿ ಮಣ್ಣಿದೆ ಅನ್ನೋದೇ ಮರೆತಿತ್ತು.

ಇಷ್ಟು ಓದಿದರೆ ಸಾಕಲ್ವಾ? ತೊಂದರೆ ಇರುವುದು ಯಾವುದು ಮೊದಲು ಸಿಗುತ್ತದೆ ಅನ್ನುವುದರಲ್ಲಿ. ಅಡ್ವೆಂಚರ್ ಆಟಗಳನ್ನು ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಒಂದು ಲೇಖನದಲ್ಲಿ ಇದನ್ನೇ ಬರೆದಿದ್ದಾರೆ. ಆಟಗಾರ ಮೊದಲು ಅಡ್ಡಿಯನ್ನು ನೋಡಬೇಕು, ಅದನ್ನು ದಾಟುವ ವಸ್ತು ಆಮೇಲೆ ಸಿಗಬೇಕು. ಅಡ್ಡಿ ಕಾಣುವ ಮೊದಲೇ ವಸ್ತು ಕೈಗೆ ಬಂದರೆ ಆ ಪಜಲ್ ತಲೆಕೆಳಗಾಗಿದೆ ಅಂತ ಅರ್ಥ. ಹುಡುಗನಿಗೆ ಓದಿ ಹೇಳಿದೆ. ತಲೆ ಅಲ್ಲಾಡಿಸಿದ, ಆದರೆ ಮನಸ್ಸಿಗೆ ಇಳಿದ ಹಾಗೆ ಕಾಣಲಿಲ್ಲ.

ಅದಕ್ಕೇ ಇವತ್ತು ಚಾಚಾನನ್ನು ಕರೆದದ್ದು. ಚೌಬಾರಾ ಹತ್ತಿರದ ನಮ್ಮ ಚಾಚಾ. ಚಿಕ್ಕಂದಿನಿಂದ ಬಿದ್ರಿ ಕೆಲಸವೇ, ಕಂಪ್ಯೂಟರ್ ಆಟ ಅಂತ ಒಂದೂ ಆಡಿದವರಲ್ಲ. "ಬೇಟಿ, ನನಗ ಇದೆಲ್ಲ ಬರಂಗಿಲ್ಲ" ಅಂದರು. ಬರದಿರುವುದೇ ನಮಗೆ ಬೇಕು ಚಾಚಾ ಅಂದೆ.

ಹುಡುಗನಿಗೆ ಮೊದಲೇ ಹೇಳಿದ್ದೆ. ಹಿಂದೆ ಕುರ್ಚಿ ಹಾಕಿಕೊಂಡು ಕೂರು. ಬಾಯಿ ಬಿಡಬೇಡ. ಅವರು ಸಿಕ್ಕಿಹಾಕಿಕೊಂಡರೂ ಬಿಡಬೇಡ. ಇದು ನನ್ನ ಹಠ. ನಾಳೆ ಯಾರೋ ಅವರ ಮನೆಯಲ್ಲಿ ಆಡುವಾಗ ಇವನು ಪಕ್ಕದಲ್ಲಿ ನಿಂತು "ಆ ಮೂಲೆ ಒತ್ತಿ" ಅಂತ ಹೇಳುವುದಕ್ಕೆ ಆಗುತ್ತದಾ?

ಚಾಚಾ ಮೌಸ್ ಹಿಡಿದರು. ಮೊಮ್ಮಗಳು ಬಾಗಿಲಲ್ಲಿ ನಿಂತು ಮಾತಾಡಲು ಶುರು ಮಾಡಿದಳು. ಚಾಚಾ ಪರದೆಗೆ ಬೆರಳು ಹಚ್ಚಿ ಅಕ್ಷರ ಅಕ್ಷರ ಕೂಡಿಸಿ ಓದುತ್ತಾ ಹೋದರು. ಬೆರಳು ಸಾಲಿನ ನಡುವೆ ಬಂದಿತ್ತು, ಮಾತು ಮಾಯ. ಮುಂದಿನ ಸಾಲು ಬಂತು. ಅದೂ ಅರ್ಧಕ್ಕೆ ಮಾಯ. ಚಾಚಾ ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಕಡೆ ನೋಡಿದರು.

"ಹುಡುಗಿಗಿ ಭಾಳ ಅವಸರ ಅದ."

ಹಿಂದೆ ಕುರ್ಚಿ ಕಿರ್ ಅಂತು. ನಾನು ತಿರುಗಲಿಲ್ಲ. ಆ ವೇಗ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಎಜಿಎಸ್‌ನಲ್ಲಿ ಸುಮ್ನೆ ಬಿಟ್ಟರೆ ಸೆಕೆಂಡಿಗೆ 15 ಅಕ್ಷರದ ಲೆಕ್ಕ, ಇವನು ಗೊಡೋಗೆ ಬಂದಾಗ ಅದನ್ನೇ ಎತ್ತಿ ಇಟ್ಟಿದ್ದ. ಆಡಿದವರೆಲ್ಲ ಚಕಚಕ ಓದುವ ಹುಡುಗರು, ಅವರಿಗೆ ಇದು ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. ಹುಡುಗ ಬರೆದುಕೊಂಡ.

ಆಮೇಲೆ ಕೋಟೆ. ಅಲ್ಲಿ ಮೂರು ಕಡೆ ಮಣ್ಣಿದೆ. ಒಂದೇ ಸರಿಯಾದದ್ದು. ಕಣ್ಣು, ಕೈ, ಬಾಯಿ ಅಂತ ಮೂರು ಚಿತ್ರ ಕೊಟ್ಟಿದ್ದಾನೆ. ಬಾಯಿಯ ಚಿತ್ರ ಒತ್ತಿ ಮಣ್ಣಿನ ಮೇಲೆ ಒತ್ತಿದರೆ ಹುಡುಗಿ ರುಚಿ ನೋಡುತ್ತಾಳೆ. ಚಾಚಾ ಕೈ ಒತ್ತಿದರು. ಮಣ್ಣು ಸೀದಾ ಚೀಲಕ್ಕೆ ಹೋಯಿತು.

"ಅರೆ! ತಗೊಂಡೇ ಬಿಟ್ಳಲ್ಲ! ನಾಲಿಗಿಗೆ ಹಚ್ಚಿ ನೋಡಬೇಕಲ್ಲ ಮೊದಲ?"

"ನೋಡ್ರಿ ಚಾಚಾ, ಹ್ಯಾಂಗ ನೋಡ್ತೀರಿ ನೋಡ್ರಿ" ಅಂದೆ.

ಅವರು ಹುಡುಕಿದರು. ಬಾಯಿಯ ಚಿತ್ರದ ಮೇಲೆ ಬಾಣ ಓಡಾಡಿತು, ನಿಲ್ಲಲಿಲ್ಲ. "ಇದು ಮಾತಾಡೋದಲ್ಲ? ಮಣ್ಣಿನ ಸಂಗಟ ಏನ್ ಮಾತಾಡಲಿ?" ಅಂದರು. ನೋಡಿ, ಮೈಸೂರಿನವಳಿಗೆ ಮಣ್ಣನ್ನು ರುಚಿ ನೋಡಬೇಕು ಅಂತ ಗೊತ್ತಿರಲಿಲ್ಲ. ಚಾಚಾನಿಗೆ ಅದು ಗೊತ್ತಿತ್ತು, ಹೇಗೆ ಅಂತ ತಿಳಿಯಲಿಲ್ಲ. ಇಬ್ಬರೂ ನಿಂತದ್ದು ಅಲ್ಲೇ. ಅಲ್ಲಿಯವರೆಗೆ ಬಾಯಿಯ ಚಿತ್ರ ಮಾತಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಕೆಯಾಗಿರಲಿಲ್ಲ. ಮೊದಲ ಕೋಣೆಯಲ್ಲೇ ಒಂದು ಲೋಟ ಚಹಾ ಇಟ್ಟಿದ್ದರೆ, ಆ ಚಿತ್ರದಿಂದ ಕುಡಿಸಿದ್ದರೆ... ನಾನು ನಾಲಿಗೆ ಕಚ್ಚಿಕೊಂಡೆ. ಪರಿಹಾರ ಹುಡುಕುವುದು ಅವನ ಹಕ್ಕು. ನಾನು ಹೇಳಿಬಿಟ್ಟರೆ ಅವನ ಆಟದಲ್ಲಿ ನನ್ನದೊಂದು ಕೋಣೆ ಸೇರಿದ ಹಾಗಾಗುತ್ತದೆ.

ಕೊನೆಗೆ ತಪ್ಪು ಮಣ್ಣನ್ನೇ ತಂದು ಸುರಾಹಿಗೆ ಹಚ್ಚಿದರು. 'ಇದು ಆಗುವುದಿಲ್ಲ' ಅಂತ ಬಂತು.

"ಆಗಂಗಿಲ್ಲ ಅಂದ್ರ? ಯಾಕ ಆಗಂಗಿಲ್ಲ? ಮಣ್ಣ ಸರಿ ಇರಲಿಲ್ಲಂದ್ರ ಬಣ್ಣ ಮಸುಕ ಬರ್ತದ. ಅದು ಕಾಣಬೇಕಲ್ಲ. ಕಂಡ್ರ ನಾ ತಿಳ್ಕೋತೀನಿ, ಬ್ಯಾರೆ ಮಣ್ಣ ತರ್ತೀನಿ."

ಇಷ್ಟು ಚೆನ್ನಾಗಿ ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಆಟ 'ಆಗಲ್ಲ' ಅಂತ ಬಾಗಿಲು ಹಾಕಿದರೆ ಆಟಗಾರ ಅಲ್ಲೇ ಉಳಿಯುತ್ತಾನೆ. ಏನು ಕೆಟ್ಟಿತು ಅಂತ ತೋರಿಸಿದರೆ ತಪ್ಪು ಪ್ರಯತ್ನವೇ ಸುಳಿವಾಗುತ್ತದೆ. ಹಿಂದೆ ಪೆನ್ನಿನ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಆಮೇಲೆ ಸರಿಯಾದ ಮಣ್ಣು ಸಿಕ್ಕಿತು. ಸುರಾಹಿ ಕಪ್ಪಾಯಿತು. ಅದಾದ ಮೇಲೆ ಬೆಳ್ಳಿ ತಂತಿ ಕೂಡಿಸುವ ಕೋಣೆ. ಚಾಚಾ ಮೌಸ್ ಬಿಟ್ಟು ಕೈ ಕಟ್ಟಿ ಕೂತರು. ಮುಂದೆ ಆಡಲೇ ಇಲ್ಲ.

"ಏನಾಯ್ತು ಚಾಚಾ?"

"ಇದು ಉಲ್ಟಾ ಅದ ಬೇಟಿ. ಬೆಳ್ಳಿ ಕೂಡಿಸದೆ ಮಣ್ಣಿಗೆ ಹಾಕ್ತಾರೇನು? ಮೊದಲ ಮೈಲುತುತ್ತ ಹಚ್ಚಿ ಕಪ್ಪ ಮಾಡ್ತೀವಿ. ಅದು ಸುಳ್ಳು ಕಪ್ಪ. ಗೆರಿ ಕಾಣಲಿ ಅಂತ. ಆಮ್ಯಾಲ ಕೊರಿತೀವಿ, ಬೆಳ್ಳಿ ಬಡಿದು ಕೂಡಿಸ್ತೀವಿ, ಉಜ್ಜತೀವಿ. ಉಜ್ಜಿದ್ರ ಆ ಕಪ್ಪ ಹೋಗೇ ಹೋಗ್ತದ. ಎಲ್ಲಾ ಬೆಳ್ಳಗ. ಬೆಳ್ಳಿ ಯಾವ್ದು, ಸತು ಯಾವ್ದು ಗೊತ್ತಾಗಂಗಿಲ್ಲ. ಆವಾಗ ಬೇಕು ಮಣ್ಣ."

ಹುಡುಗನಿಗೆ ತಡೆಯಲಿಕ್ಕೆ ಆಗಲಿಲ್ಲ. ಎದ್ದು ನಿಂತ. "ಚಾಚಾ, ಎರಡು ಸಲ ಕಪ್ಪ ಆಗ್ತದಾ?"

"ಹೂಂ. ಮೊದಲಿಂದು ಹೋಗ್ತದ, ಎರಡನೇದು ನಿಲ್ತದ."

ಹುಡುಗ ನನ್ನ ಕಡೆ ನೋಡಿದ ರೀತಿ ನಾನು ಮರೆಯುವುದಿಲ್ಲ. ಅವನಿಗೆ ಅಲ್ಲೇ, ಆ ಕ್ಷಣದಲ್ಲೇ ಹೊಳೆಯಿತು. ಮೈಲುತುತ್ತ ಹಚ್ಚಿದಾಗ ಆಟಗಾರ ಕೆಲಸ ಮುಗಿಯಿತು ಅಂದುಕೊಳ್ಳುತ್ತಾನೆ. ಬೆಳ್ಳಿ ಕೂಡಿಸಿ ಉಜ್ಜುತ್ತಾನೆ. ಕಪ್ಪು ಹೋಗಿಬಿಡುತ್ತದೆ, ಮಾಡಿದ ಚಿತ್ತಾರವೇ ಕಾಣದ ಹಾಗೆ ಆಗುತ್ತದೆ. ಈಗ ಅವನಿಗೆ ಮಣ್ಣು ಬೇಕು, ಯಾಕೆ ಬೇಕು ಅನ್ನುವುದೂ ಗೊತ್ತು. ಅಡ್ಡಿ ಮೊದಲು, ವಸ್ತು ಆಮೇಲೆ. ನಾನು ಲೇಖನ ಓದಿ ಹೇಳಿದಾಗ ಇಳಿಯದ್ದು ಈಗ ಇಳಿಯಿತು. ಮೈಸೂರಿನವಳು ಕುಂಡ ಹುಡುಕುವ ಪ್ರಶ್ನೆಯೂ ಇನ್ನಿಲ್ಲ. ಮಣ್ಣನ್ನು ತೆಗೆಯಬೇಕಾಗೂ ಇಲ್ಲ.

ಚಾಚಾ ಆಟ ಹೇಗೆ ಮಾಡಬೇಕು ಅಂತ ಒಂದು ಮಾತೂ ಹೇಳಲಿಲ್ಲ. ತಾನು ಏನು ಮಾಡಲು ಹೋದೆ, ಏನು ಆಗಬೇಕಿತ್ತು ಅಂದುಕೊಂಡೆ, ಏನಾಯಿತು, ಇಷ್ಟೇ. ನಮ್ಮ ಗುಂಪಿನಲ್ಲಿ ಎಲ್ಲರೂ ಹೀಗೆ ಹೇಳುವುದನ್ನು ಕಲಿತರೆ ಎಷ್ಟು ಚೆನ್ನ. ಒಬ್ಬರು ಕಷ್ಟಪಟ್ಟು ಮಾಡಿದ್ದನ್ನು ನಮ್ಮ ಮುಂದೆ ಇಟ್ಟಾಗ ನಾವು ಅವರಿಗೆ ಕೊಡಬಹುದಾದದ್ದು ನಮ್ಮ ಆ ಒಂದು ಗಂಟೆ. ಅದನ್ನು ನಡೆದ ಹಾಗೇ ಕೊಡಬೇಕು. ಚೆನ್ನಾಗಿದ್ದಲ್ಲಿ ಯಾವುದು ಚೆನ್ನಾಗಿತ್ತು ಅಂತ ಬೊಟ್ಟಿಟ್ಟು ಹೇಳಬೇಕು. ಸುರಂಗ ಬಾವಿಯ ಬೆಳಕು ಅಂತ ಅವಳು ಬರೆದದ್ದಕ್ಕೇ ಇವನು ಆ ಕೋಣೆ ಮುಟ್ಟದೆ ಹಾಗೇ ಇಟ್ಟಿದ್ದಾನೆ.

ಆಟದ ಕೊನೆಯಲ್ಲಿ ಪರೀಕ್ಷೆ ಮಾಡಿದವರ ಪಟ್ಟಿಯಲ್ಲಿ ಚಾಚಾನ ಹೆಸರು ಹಾಕುತ್ತೇವೆ ಅಂದೆವು. "ನಾ ಏನ್ ಮಾಡೀನಿ? ಕೂತು ಚಾ ಕುಡಿದೀನಿ" ಅಂದರು. ಹಾಕಿಯೇ ಹಾಕುತ್ತೇವೆ.

ರಾತ್ರಿ ಊಟಕ್ಕೆ ಮಧ್ಯಾಹ್ನದ ರೊಟ್ಟಿಯೇ. ಚಳಿ ಶುರುವಾಗಿದೆ, ಕಿಟಕಿ ಹಾಕಿದೆ.

ಈಗ ಕಾಡುತ್ತಿರುವುದು ಬೇರೆ. ಹೊಸ ಕಣ್ಣು ಒಬ್ಬರಿಗೆ ಒಂದೇ ಸಲ ಇರುತ್ತದೆ. ಒಮ್ಮೆ ಆಡಿದವರಿಗೆ ಮಣ್ಣು ಎಲ್ಲಿದೆ ಅಂತ ಗೊತ್ತಾಗಿಬಿಟ್ಟಿರುತ್ತದೆ, ಮತ್ತೆ ಅವರಿಗೆ ಕೊಟ್ಟರೆ ಪಜಲ್ ಸರಿಯಾಯಿತಾ ಅಂತ ತಿಳಿಯುವುದಿಲ್ಲ. ಇವನು ಪರಿಚಯದವರಿಗೆಲ್ಲ ಒಂದೇ ದಿನ ಕಳಿಸಿದ್ದಾನೆ. ಸರಿ ಮಾಡಿದ ಮೇಲೆ ಯಾರಿಗೆ ಕೊಡುವುದು? ಇನ್ನು ಮೇಲೆ ಇಬ್ಬರಿಗೆ ಕೊಟ್ಟು, ಸರಿ ಮಾಡಿ, ಇನ್ನಿಬ್ಬರಿಗೆ ಕೊಡಬೇಕು ಅಂತ ಮಾತಾಗಿದೆ. ಕಾರವಾರದ ಅತ್ತಿಗೆಯನ್ನು ಕೊನೆಗೆ ಅಂತ ಇಟ್ಟುಕೊಂಡಿದ್ದೇವೆ, ಅವರಿಗೆ ಬಿದ್ರಿ ಅಂದ್ರೆ ಏನೂ ಗೊತ್ತಿಲ್ಲ.

ನನ್ನ ಏಳನೇ ತರಗತಿಯವರಿಗೂ ಕೊಡೋಣ ಅಂತಾನೆ. ಮಕ್ಕಳು ಬೇಜಾರಾದರೆ ಮುಖದ ಮೇಲೇ ಹೇಳುತ್ತಾರೆ, ಅದು ಖರೇ. ಆದರೆ ನಾನು ಅದೇ ಕೋಣೆಯಲ್ಲಿದ್ದರೆ ಹೇಳುತ್ತಾರಾ? ಟೀಚರ್ ತಂದ ಆಟ ಅಂದ ಕೂಡಲೇ ಎಲ್ಲರೂ ಚೆನ್ನಾಗಿದೆ ಮೇಡಂ ಅಂದುಬಿಟ್ಟರೆ. ಹುಡುಗನನ್ನು ಒಬ್ಬನೇ ಬಿಟ್ಟು ನಾನು ಹೊರಗೆ ಹೋಗಬೇಕು. ಅವನು ಆಟ ಮಾಡಿದವನು ಅಂತ ಹೇಳಲೇಬಾರದು, ಕಂಪ್ಯೂಟರ್ ರಿಪೇರಿಗೆ ಬಂದ ಅಣ್ಣ ಅನ್ನಬೇಕಾ, ಅದು ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ ಆಗುತ್ತದಲ್ಲ. ಮತ್ತೆ ಆ ಮಣ್ಣು ನಾಲಿಗೆಗೆ ಹಚ್ಚುವುದನ್ನು ನೋಡಿ ಯಾವನಾದರೂ ಸಂಜೆ ಕೋಟೆಗೆ ಹೋಗಿ ಮಣ್ಣು ನೆಕ್ಕಿಬಿಟ್ಟರೆ?